ಅಂಗೈ ಅಳತೆ

"ಬೇಟೆ ಚಾಕು ಅಂದ್ರಲ್ಲ ದಣಿ, ಅಲಗನ್ನ ಎರಡೂ ಮಗ್ಗುಲು ಮಸೀಲಾ?" ಕಮ್ಮಾರ ಕಾಳಾಚಾರಿ ಕೇಳಿದ.

"ಒಂದೇ ಮಗ್ಗುಲು ಸಾಕು," ಎಂದರು ತೋಟದ ದಣಿಗಳು. "ಎಡಗೈಯೋರು ಹಿಡಿಯೋ ಹಂಗಿರ್ಲಿ."

ಆಚಾರಿ ಹಿಗ್ಗಿದ. ಊರಿಗೆಲ್ಲ ಎಡಚ ತಾನೊಬ್ಬನೇ ಎಂದುಕೊಂಡಿದ್ದ. "ಹಿಡಿಗೆ ಅವರ ಅಂಗೈ ಅಳತೆ ಬೇಕಲ್ಲ?"

"ನಿನ್ನ ಕೈ ಅಳತೆಗೇ ಮಾಡು."

ಮೂರನೇ ದಿನ ಬೀಟೆಮರದ ಹಿಡಿಯನ್ನು ತನ್ನ ಎಡ ಅಂಗೈಯಲ್ಲಿ ಒತ್ತಿ ಒತ್ತಿ ನೋಡಿ, ಹದವಾಗಿ ಕೂತ ಮೇಲೆ ಚಾಕುವನ್ನು ದಣಿಗಳ ಮುಂದಿಟ್ಟ.

"ಹೋದ ವಾರ ನನ್ನ ತಮ್ಮನ ಕೊರಳಪಟ್ಟಿ ಹಿಡಿದಿದ್ಯಂತೆ?"

ಆಚಾರಿ ಕೈಮುಗಿದ. "ಸಿಟ್ಟಲ್ಲಿ ತಪ್ಪಾಯ್ತು ದಣಿ. ಊರೆಲ್ಲ ನೋಡ್ತು."

"ನೋಡಿದ್ದು ಒಳ್ಳೇದೇ ಆಯ್ತು ಬಿಡು," ಎಂದ ದಣಿಗಳು, ಹಿಡಿಗೆ ಬೆರಳು ಸೋಕಿಸದೆ, ಚಾಕುವನ್ನು ವಸ್ತ್ರದಲ್ಲಿ ಸುತ್ತಿ ಎತ್ತಿಕೊಂಡರು.