ಗಾಳಿಯಲ್ಲಿ ಬಿಟ್ಟ ಒಂದು ಪಿನ್

ಆ ದಿನ ಪುಟ್ಟಮಾದಯ್ಯ ಮೇಷ್ಟ್ರ ಅಂಗಿಯ ಜೇಬಿನಲ್ಲಿ ಒಂದು ಕಾಗದವಿತ್ತು... ಸ್ವಯಂ ನಿವೃತ್ತಿಯ ಅರ್ಜಿ.

ಐದು ಗಂಟೆಗೆ ಪ್ರಿನ್ಸಿಪಾಲರ ಕೈಗೆ ಅದನ್ನು ಕೊಟ್ಟು, ಯಾರಿಗೂ ಹೇಳದೆ ಹೊರಟುಬಿಡುವುದೆಂದು ನಿರ್ಧರಿಸಿದ್ದರು.

ಇಪ್ಪತ್ತಾರು ವರ್ಷ ಅದೇ ಪಾಲಿಟೆಕ್ನಿಕ್, ಅದೇ ಎಲೆಕ್ಟ್ರಾನಿಕ್ಸ್ ಲ್ಯಾಬ್.

ಎರಡು ತಿಂಗಳ ಹಿಂದೆ ಅವರ ಹೆಂಡತಿ ತೀರಿಕೊಂಡಿದ್ದರು. ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ನಲವತ್ತೊಂದು ಜನ ಕೈಮುಗಿದ ಚಿತ್ರ ಕಳಿಸಿದರು...

ಮನೆಗೆ ಬಂದು ಮಾತಾಡಿಸಿಕೊಂಡು ಹೋದವರು ಒಬ್ಬರೂ ಇಲ್ಲ.

ಹನ್ನೊಂದನೆಯ ದಿನದವರೆಗೂ ಮೇಷ್ಟ್ರು ಬರುವವರಿಗೆಂದು ಬಾಗಿಲ ಹೊರಗೆ ಎರಡು ಕುರ್ಚಿ ಹಾಕಿಟ್ಟಿದ್ದರು. ಹನ್ನೆರಡನೆಯ ದಿನ ತಾವೇ ಎತ್ತಿ ಒಳಗಿಟ್ಟರು.

ಮಧ್ಯಾಹ್ನ ಮೂರೂವರೆಗೆ ಕೊನೆಯ ವರ್ಷದ ಚಂಪಾ ಒಂದು ಬೋರ್ಡು ಹಿಡಿದು ಬಂದಳು.

"ಸಾರ್, ನಾಳೆ ಎಕ್ಸಾಮಿನರ್ ಬರ್ತಾರೆ. ಇದು ಕೈಕೊಟ್ಬಿಡ್ತು."

ಬೋರ್ಡಿನ ಮೇಲೆ ಸಾಲಾಗಿ ನಾಲ್ಕು ಮೆಮೊರಿ ಚಿಪ್‌ಗಳು. ಐಡಿ ಕಾರ್ಡಿನ ನಂಬರ್ ಕೊಟ್ಟರೆ, ಅದು ಯಾವ ಚಿಪ್ಪಿನಲ್ಲಿದೆಯೋ ಆ ಚಿಪ್ಪು ಮುಂದೆ ಬಂದು ವಿದ್ಯಾರ್ಥಿಯ ಹೆಸರು ಹೇಳಬೇಕು.

ಮಾಮೂಲಿ ಮೆಮೊರಿಗೆ ಮನೆ ನಂಬರ್ ಕೊಟ್ಟರೆ ಒಳಗೆ ಯಾರಿದ್ದಾರೆ ಎಂದು ಹೇಳುತ್ತದೆ. ಈ ಚಿಪ್ಪು ಹಾಗಲ್ಲ... ಬೀದಿಯಲ್ಲಿ ನಿಂತು ಒಬ್ಬರನ್ನು ಕೂಗಿದರೆ ಸಾಕು, ಅವರು ಎಲ್ಲಿದ್ದರೂ ಓಗೊಡುತ್ತಾರೆ.

"ಏನಾಗ್ತಿದೆ?" ಎಂದರು ಮೇಷ್ಟ್ರು.

"ಯಾವ ನಂಬರ್ ಕೊಟ್ರೂ 'ಸಿಕ್ತು' ಅಂತ ಹಸಿರು ದೀಪ ಉರೀತದೆ ಸಾರ್. ಹೆಸ್ರು ಮಾತ್ರ ಬರಲ್ಲ. ನಮ್ಮ ಹಾಸ್ಟೆಲ್ ವಾರ್ಡನ್ ಥರ... ಎಲ್ಲಾದಕ್ಕೂ ಹೂಂ ಅಂತದೆ, ಏನೂ ಮಾಡಲ್ಲ."

ಮೇಷ್ಟ್ರು ನಗಲಿಲ್ಲ. ಮೀಟರಿನ ಮೊನೆಯನ್ನು ಒಂದೊಂದೇ ಪಿನ್ನಿಗೆ ತಾಗಿಸುತ್ತ ಹೋದರು.

"ಇದು ಚಿಪ್ಪನ್ನ ಎಬ್ಬಿಸೋ ಪಿನ್ನು... ಸರಿ ಇದೆ. ಇದು 'ಬರ್ಕೋ' ಅನ್ನೋದು... ಇದೂ ಸರಿ. ಇದು 'ನನ್ ಹೊಟ್ಟೆ ತುಂಬೋಯ್ತು' ಅನ್ನೋದು. ಇದು 'ನನ್ ಹತ್ರ ಸಿಕ್ತು' ಅನ್ನೋದು..."

ಮೊದಲ ಚಿಪ್ಪಿನ ಒಂದು ಪಿನ್ನಿನ ಬಳಿ ಅವರ ಕೈ ನಿಂತಿತು.

"ಇದನ್ನ ಎಲ್ಲಿಗೆ ಕಟ್ಟಿದೀಯಮ್ಮ?"

"ಎಲ್ಲಿಗೂ ಇಲ್ಲ ಸಾರ್. ಅದು ಸಾಲಲ್ಲಿ ತನಗಿಂತ ಮುಂದಿರೋ ಚಿಪ್ಪಿನ ಮಾತು ಕೇಳೋ ಪಿನ್ನಲ್ವಾ... ಇದೇ ಮೊದಲ್ನೇದು, ಇದ್ರ ಮುಂದೆ ಯಾರೂ ಇಲ್ಲ. ಅದ್ಕೇ ಬಿಟ್ಟೆ."

"ಅಲ್ಲೇ ತಪ್ಪಿದ್ದು. ಇಲ್ಲಿ ಐದು ವೋಲ್ಟ್ ಇದ್ರೆ, 'ಮುಂದೆ ಯಾರಿಗೂ ಸಿಕ್ಕಿಲ್ಲ, ನೀನೇ ನೋಡು' ಅಂತ ಅರ್ಥ. ಸೊನ್ನೆ ಇದ್ರೆ, 'ಮುಂದಿರೋನು ಹೇಳ್ತಾನೆ, ನೀನು ಸುಮ್ನಿರು' ಅಂತ. ನೀನು ಗಾಳೀಲಿ ಬಿಟ್ಟಿದೀಯ, ಅದು ಸೊನ್ನೆಗೆ ಬಿದ್ದಿದೆ. ಇಲ್ಲದೇ ಇರೋನು ಹೇಳ್ತಾನೆ ಅಂತ ಇದು ಸುಮ್ನಾಯ್ತು. 'ಮುಂದೆ ಸಿಕ್ಕಿದೆಯಂತೆ' ಅಂತ ಹಿಂದಿನೋರಿಗೂ ದಾಟಿಸ್ತು. ಕೊನೇಲಿ ದೀಪ ಉರೀತು..."

ಚಂಪಾ ಬಗ್ಗಿ ಆ ಚಿಪ್ಪನ್ನು ಬೆರಳಿನಿಂದ ಮುಟ್ಟಿದಳು.

"ಪಾಪ ಸಾರ್. ಉತ್ತರ ಇದ್ರ ಹತ್ರಾನೇ ಇತ್ತು. ಇನ್ಯಾರೋ ಹೇಳ್ತಾರೆ ಅಂತ ಬಾಯಿ ಮುಚ್ಕೊಂಡಿತ್ತು."

ಮೇಷ್ಟ್ರು ಕೈಯಲ್ಲಿದ್ದ ಮೀಟರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ನಲವತ್ತೊಂದು ಹಸಿರು ದೀಪಗಳು... ಬಾಗಿಲ ಬಳಿ ಎರಡು ಖಾಲಿ ಕುರ್ಚಿ...

"ಒಂದು ಟೆನ್ ಕೆ ರೆಸಿಸ್ಟರ್ ಹಾಕಿ ಐದು ವೋಲ್ಟಿಗೆ ಕಟ್ಟಿದ್ರೆ ಆಯ್ತು. ಸ್ಟೋರಿಂದ ತರ್ತೀನಿ, ಇರು," ಎಂದು ಎದ್ದರು.

ಸ್ಟೋರಿನ ಜಾಲರಿಯ ಹಿಂದೆ ಸ್ಟೋರ್‌ಕೀಪರ್ ಜವರಪ್ಪ ಒಬ್ಬನೇ ಕುಳಿತಿದ್ದ. ಯಾವಾಗಲೂ ಹಾಗೆಯೇ.

ಜಾಲರಿಯ ಮುಂದೆ ನಿಂತಾಗ ಮೇಷ್ಟ್ರಿಗೆ ಥಟ್ಟನೆ ನೆನಪಾಯಿತು. ಹೋದ ವರ್ಷ ಜವರಪ್ಪನ ಹಿರಿಮಗಳು ತೀರಿಕೊಂಡಿದ್ದಳು. ಗ್ರೂಪಿನಲ್ಲಿ ತಾವೂ ಕೈಮುಗಿದ ಚಿತ್ರ ಕಳಿಸಿದ್ದರು.

ಆಫೀಸಿನವರು ಅವನ ಮನೆಗೆ ಹೋಗಿರುತ್ತಾರೆ ಎಂದುಕೊಂಡಿದ್ದರು. ಹನ್ನೊಂದು ದಿನ ಕಳೆಯಿತು. ಆಮೇಲೆ ಹೋಗಲು ನಾಚಿಕೆಯಾಯಿತು...

"ಏನ್ ಬೇಕಿತ್ತು ಮೇಷ್ಟ್ರೇ?"

ಮೇಷ್ಟ್ರಿಗೆ ರೆಸಿಸ್ಟರ್ ಎಂಬ ಮಾತು ಬಾಯಿಗೆ ಬರಲಿಲ್ಲ.

"ಜವರಪ್ಪ... ನಿನ್ ಮಗಳ ಹೆಸ್ರೇನು?"

ಜವರಪ್ಪ ತಲೆ ಎತ್ತಿದ.

"ಭುವನ," ಎಂದ. ಇನ್ನೊಂದು ಸಲ, ತನಗೇ ಹೇಳಿಕೊಳ್ಳುವಂತೆ, "ಭುವನ ಅಂತ."

ಆಮೇಲೆ ಜಾಲರಿಯ ಬಾಗಿಲು ತೆಗೆದ. "ಹದಿನಾಲ್ಕು ತಿಂಗಳಾಯ್ತು ಮೇಷ್ಟ್ರೇ. ಈ ಕಾಂಪೌಂಡಲ್ಲಿ ಯಾರೂ ಕೇಳಿರ್ಲಿಲ್ಲ."

"ನಾನು ಬರ್ಬೇಕಿತ್ತು ಕಣಯ್ಯ."

"ನಾನೂ ಬರ್ಬೇಕಿತ್ತು. ನಿಮ್ಮನೆಯವ್ರು ಹೋದಾಗ ಗೇಟಿನ್ ತಂಕ ಬಂದಿದ್ದೆ. ಹೊರಗಡೆ ಎರಡು ಕುರ್ಚಿ ಇತ್ತು... ಲ್ಯಾಬಿನೋರು ಬಂದವ್ರೆ, ಒಳಗವ್ರೆ, ದೊಡ್ಡೋರ ಮಧ್ಯೆ ನಾನ್ಯಾಕೆ ಅಂತ ತಿರುಗಿ ಹೋದೆ."

ಮೇಷ್ಟ್ರು ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ತಮಗಾಗಿ ಒಬ್ಬರು ಬಂದಿದ್ದರು... ಕಾದಿದ್ದ ಕುರ್ಚಿಗಳನ್ನೇ ನೋಡಿ ಹಿಂದಿರುಗಿದ್ದರು.

ಜವರಪ್ಪ ಇನ್ನೊಂದು ಸ್ಟೂಲು ಎಳೆದುಕೊಂಡು ಅವರ ಪಕ್ಕ ಕುಳಿತ.

ಕೊನೆಗೆ ಮೇಷ್ಟ್ರು ಟೆನ್ ಕೆ ರೆಸಿಸ್ಟರ್ ಕೇಳಿದರು. ಜವರಪ್ಪ ಕಣ್ಣೊರೆಸಿಕೊಂಡು ಹುಡುಕಿ ತೆಗೆದ. ಅಕ್ಕಿಕಾಳಿನಷ್ಟು ದಪ್ಪದ್ದು. ಯಾವಾಗಲೂ ಪೊಟ್ಟಣ ಕಟ್ಟಿ ಕೊಡುವವನು ಕಾಗದಕ್ಕಾಗಿ ಸುತ್ತ ತಡಕಾಡಿದ.

ಮೇಷ್ಟ್ರು ಜೇಬಿನಿಂದ ಮಡಿಸಿದ ಅರ್ಜಿಯನ್ನು ತೆಗೆದು ಕೊಟ್ಟರು.

"ಇದ್ರಲ್ಲೇ ಸುತ್ತು."

"ಏನೋ ಬರ್ದದಲ್ಲ ಮೇಷ್ಟ್ರೇ?"

"ಪರವಾಗಿಲ್ಲ. ಇನ್ನು ಬೇಕಾಗಲ್ಲ."

ಐದು ಗಂಟೆಗೆ ಚಂಪಾಳ ಬೋರ್ಡಿನಲ್ಲಿ ಮೊದಲ ಹೆಸರು ಮೂಡಿತು. ಐದೂವರೆಗೆ ಗೇಟಿನ ಹೊರಗೆ ಜವರಪ್ಪನ ಸೈಕಲ್ಲಿನ ಪಕ್ಕ ಮೇಷ್ಟ್ರು ನಡೆಯುತ್ತಿದ್ದರು... ಭುವನ ಬೆಳೆದಿದ್ದ ಅವನ ಮನೆಯ ಕಡೆಗೆ.

---

*ಯಾರೋ ಹೋಗಿರುತ್ತಾರೆ ಎಂದು ಎಲ್ಲರೂ ಅಂದುಕೊಂಡ ಮನೆಗೆ ಯಾರೂ ಹೋಗಿರುವುದಿಲ್ಲ.*

ನೀವು ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದ ಆ ಒಂದು ಮನೆ... ಅಲ್ಲಿ ಕುರ್ಚಿ ಇನ್ನೂ ಹೊರಗೇ ಇದೆಯೇ?