ಕುಬಸದ ಹೋಳಿಗೆ

ಜೋಳದ ರೊಟ್ಟಿ ತಿಂದರೆ ಕೊರಳಲ್ಲಿನ ವಿಷ ತೋರುವ ಮಣಿ ಎರಡು ತಾಸು ಹಳದಿಯಾಗಿರುತ್ತಿತ್ತು, ಶೇಂಗಾ ಹೋಳಿಗೆ ತಿಂದರೆ ಮೂರು ತಾಸು. ಒಂದರ ಹಳದಿ ಇಳಿಯುವ ಮೊದಲೇ ಇನ್ನೊಂದು ತಿಂದರೆ ಮಾತ್ರ ಲೆಕ್ಕ ಐದು ತಾಸಲ್ಲ. ಮಣಿ ಕಪ್ಪಾಗುತ್ತಿತ್ತು, ತಿಂದವಳು ಬಸುರಿಯಾಗಿದ್ದರೆ ಹೊಟ್ಟೆಯ ಕೂಸು ಉಳಿಯುತ್ತಿರಲಿಲ್ಲ. ಕಾಳುಕಡಿಗಳಿಗೆಲ್ಲ ಬೂಷ್ಟಿನ ನಂಜು ಇಳಿದ ಮೇಲೆ ಜನ ಹೀಗೆ ಲೆಕ್ಕ ಹಾಕಿಯೇ ಉಣ್ಣುತ್ತಿದ್ದರು.

ಅದಕ್ಕೇ ಕುಬಸದ, ಅಂದರೆ ಸೀಮಂತದ ದಿನ ತವರಿನ ತುತ್ತು ಬೀಳುವವರೆಗೆ ಬಸುರಿ ಉಪವಾಸ ಇರಬೇಕೆಂಬ ಕಟ್ಟಳೆ. ಕಾಶವ್ವ ಒಂದೊಂದೇ ಶೇಂಗಾ ಬೀಜ ಆರಿಸಿ ಹೋಳಿಗೆ ಮಾಡಿ ತಂದಿದ್ದಳು. ತುತ್ತು ಮುರಿದು ಮಗಳು ಸುವರ್ಣಾಳ ಬಾಯಿಗೆ ಒಯ್ಯುವಾಗ ಸೆರಗು ಸರಿದು ಮಣಿ ಕಂಡಿತು. ಅದು ಹಳದಿಯಾಗಿತ್ತು. ಹಸಿವು ತಾಳದೆ ಹುಡುಗಿ ಕದ್ದು ರೊಟ್ಟಿ ತಿಂದಿದ್ದಳು.

ಕಾಶವ್ವನ ಕೈ ಅಲ್ಲೇ ನಿಂತಿತು.

"ಯಾಕ್ರೀ ಬೀಗತಿ, ಮಗಳಿಗೆ ತಿನಸಾಕ ಕೈ ಬರವಲ್ದೇನು?" ಎಂದು ಸುವರ್ಣಾಳ ಅತ್ತೆ ಚನ್ನಬಸವ್ವ ಕೆಣಕಿದಳು. ನೆರೆದ ಹೆಂಗಸರೆಲ್ಲ ನಕ್ಕರು.

ನಿಜ ಹೇಳಿದರೆ, ಹೊಟ್ಟೆಯ ಕೂಸಿಗಿಂತ ರೊಟ್ಟಿ ಹೆಚ್ಚೆಂದವಳು ಎಂಬ ಮಾತು ಈ ಮನೆಯಲ್ಲಿ ಮಗಳನ್ನು ಸಾಯುವವರೆಗೂ ಬಿಡುತ್ತಿರಲಿಲ್ಲ. ಕಾಶವ್ವ ಮಗಳ ಸೆರಗು ಸರಿಮಾಡಿ, ತುತ್ತನ್ನು ಮೂಗಿಗೆ ಹಿಡಿದಳು.

"ತಪ್ಪಾತ್ರೀ ಯವ್ವಾ. ನನ್ನ ಹೋಳಿಗಿಗೆ ಬೂಷ್ಟು ಬಂದೈತಿ."

ನಗು ನಿಂತಿತು.

"ಬಸರಿಗೆ ತರೂದೇನ್ರೀ ಇದು? ಮೂಗು ಮನ್ಯಾಗ ಬಿಟ್ಟು ಬಂದೀರೇನು?" ಎಂದು ಚನ್ನಬಸವ್ವ ಬುತ್ತಿಯ ಗಂಟನ್ನು ಅಂಗಳಕ್ಕೆ ಹಾಕಿಸಿದಳು. ಸುವರ್ಣಾ ತಲೆ ಎತ್ತಲಿಲ್ಲ.

ಅಂದಿನಿಂದ ಆ ಸೀಮೆಯಲ್ಲಿ ಯಾರೂ ಕಾಶವ್ವನ ಕೈಯಡುಗೆ ಮುಟ್ಟಲಿಲ್ಲ. ಎರಡು ತಿಂಗಳಿಗೆ ಸುವರ್ಣಾ ಗಟ್ಟಿಮುಟ್ಟಾದ ಹೆಣ್ಣು ಕೂಸು ಹೆತ್ತಳು.