ಒಪ್ಪಿಗೆಯಾದ ಫೋಟೊ

ನನ್ನ ಗಂಡ ಮದುವೆಗಳ ಫೋಟೊ ತೆಗೆಯುತ್ತಾರೆ. ಅವರ ಹಳೆಯ ಫೋಟೊಗಳನ್ನು, ಮುಖ ಗುರುತಿಸಿ ತಾನೇ ವಿಂಗಡಿಸುವ ಕಂಪ್ಯೂಟರಿಗೆ ಹಾಕುತ್ತಾ ಕುಳಿತಿದ್ದೆ. ನಮ್ಮ ಮದುವೆಗೂ ಹಿಂದಿನ ಫೋಟೊಗಳಲ್ಲಿ ಒಬ್ಬ ಹುಡುಗಿ ಮತ್ತೆ ಮತ್ತೆ ಕಾಣಿಸಿದಳು, ಮದುಮಗಳಿಗಿಂತ ಸ್ಪಷ್ಟವಾಗಿ.

"ಯಾರ್ರೀ ಇವಳು?"

"ಯಾರೋ, ಮದುವೆಗೆ ಬಂದೋಳು."

"ಎಲ್ಲರ ಮದುವೆಗೂ ಬಂದಿದಾಳಲ್ಲ!"

"ಊಟ ಚೆನ್ನಾಗಿತ್ತೇನೋ."

"ಹಾಗಾದ್ರೆ ಡಿಲೀಟ್ ಮಾಡ್ಲಾ?"

ಲೆನ್ಸ್ ಒರೆಸುತ್ತಿದ್ದ ಅವರ ಕೈ ನಿಂತಿತು. "ಇರ್ಲಿ ಬಿಡೇ."

ನನ್ನ ಹೊಟ್ಟೆ ಉರಿಯಿತು. ಆದರೂ, ಬಂದ ಸಂಬಂಧಗಳನ್ನೆಲ್ಲ ಬೇಡವೆಂದವರು ನನ್ನ ಫೋಟೊ ನೋಡಿದ ಕೂಡಲೇ ಒಪ್ಪಿದ್ದರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಫೋಟೊವನ್ನೇ ಹುಡುಕಿ ಕಂಪ್ಯೂಟರಿಗೆ ಹಾಕಿದೆ.

ಅದು ನನ್ನ ಫೋಟೊವನ್ನು ಆ ಹುಡುಗಿಯ ಫೋಟೊದ ಪಕ್ಕದಲ್ಲಿಟ್ಟು ಕೇಳಿತು: "ಇವೆರಡೂ ಒಬ್ಬರದೇ ಮುಖವೇ?"